ತಾಯಿಯೊಡನೆ ಒಂದು ನಂಟು, ತಂದೆಯೊಡನೆ ಇನ್ನೊಂದು

ಅದುವರೆಗೆ ಯಾರು ಎತ್ತಿಕೊಂಡರೂ ನಗುತ್ತಿದ್ದ ಕೂಸು ಆರೇಳು ತಿಂಗಳು ದಾಟುವ ಹೊತ್ತಿಗೆ ಹೊಸ ಮುಖ ಕಂಡರೆ ಅಳತೊಡಗುತ್ತದೆ, ತಾಯಿ ಒಳಮನೆಗೆ ಹೋದರೆ ಬಾಗಿಲ ಕಡೆ ನೋಡುತ್ತದೆ, ಅಂಬೆಗಾಲಿಡಲು ಕಲಿತ ಮೇಲೆ ಅವಳ ಹಿಂದೆಯೇ ಹೊರಡುತ್ತದೆ. ಮನೆಯ ಹಿರಿಯರು ‘ಮಗುವಿಗೆ ಗುರುತು ಹತ್ತಿತು’ ಎಂದು ಹೇಳಿ ಮುಗಿಸುವ ಈ ಬದಲಾವಣೆಯನ್ನು ಮನಶ್ಶಾಸ್ತ್ರವು ಬಾಂಧವ್ಯದ ಆರಂಭವೆಂದು ಪರಿಗಣಿಸುತ್ತದೆ. ಭಯ, ನೋವು, ದಣಿವುಗಳ ಹೊತ್ತಿನಲ್ಲಿ ಮಗು ತಾನು ಆಯ್ದುಕೊಂಡ ಕೆಲವೇ ಮಂದಿಯ ಬಳಿಗೆ ಸರಿದು ಸಮಾಧಾನ ಪಡೆಯುವುದು ಮತ್ತು ಸಮಾಧಾನವಾದೊಡನೆ ಅವರನ್ನೇ ನೆಲೆಯಾಗಿಟ್ಟುಕೊಂಡು ಸುತ್ತಲಿನ ಲೋಕವನ್ನು ತಡಕಲು ಹೊರಡುವುದು, ಈ ಎರಡೂ ಸೇರಿದ ವ್ಯವಸ್ಥೆಗೆ ಬಾಂಧವ್ಯವೆಂದು ಹೆಸರು. ಇದನ್ನು ಮಗುವಿನ ಗುಣವೆಂದು ತಿಳಿಯುವವರೇ ಹೆಚ್ಚು. ಒಂದು ಮಗು ಧೈರ್ಯದ್ದು, ಇನ್ನೊಂದು ಅಂಟಿಕೊಳ್ಳುವ ಸ್ವಭಾವದ್ದು ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳಿಬರುತ್ತದೆ. ಆದರೆ ಕಳೆದ ಐದಾರು ದಶಕಗಳ ಸಂಶೋಧನೆ ತೋರಿಸುವುದೇನೆಂದರೆ, ಬಾಂಧವ್ಯವು ಇಬ್ಬರ ನಡುವಿನ ಸಂಬಂಧದ ಗುಣವಾಗಿದ್ದು, ಅದೇ ಮಗು ತಾಯಿಯೊಡನೆ ಒಂದು ಬಗೆಯ, ತಂದೆಯೊಡನೆ ಮತ್ತೊಂದು ಬಗೆಯ ಬಾಂಧವ್ಯವನ್ನು ಏಕಕಾಲದಲ್ಲಿ ಹೊಂದಿರಬಲ್ಲದು.

ಈ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವನು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ (1907–1990). ಲಂಡನ್ನಿನ ಸಿರಿವಂತ ಶಸ್ತ್ರವೈದ್ಯನ ಮನೆಯಲ್ಲಿ ಹುಟ್ಟಿದ ಈತ ಆ ವರ್ಗದ ಪದ್ಧತಿಯಂತೆ ದಾದಿಯ ಕೈಯಲ್ಲಿ ಬೆಳೆದನು. ತಾಯಿಯನ್ನು ಕಾಣುತ್ತಿದ್ದುದು ದಿನಕ್ಕೆ ಸುಮಾರು ಒಂದು ತಾಸು, ಮತ್ತು ನೆಚ್ಚಿನ ದಾದಿಯೂ ಅವನಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಮನೆ ಬಿಟ್ಟು ಹೋದಳು. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಅವಳು ಹಾಲೂಡುತ್ತಾಳೆ ಎಂಬ ಕಾರಣಕ್ಕೆ ಎಂದು ಆ ಕಾಲದ ಮನೋವಿಶ್ಲೇಷಕರೂ ವರ್ತನಾವಾದಿಗಳೂ ಒಮ್ಮತದಿಂದ ನಂಬಿದ್ದರು. ವರ್ತನಾವಾದದ ಮುಂದಾಳು ಜಾನ್ ವಾಟ್ಸನ್ 1928ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕವಂತೂ ಮಕ್ಕಳನ್ನು ಮುದ್ದಿಸುವುದೇ ಅಪಾಯವೆಂದು ತಾಯಂದಿರಿಗೆ ಬೋಧಿಸಿತ್ತು. ಇದಕ್ಕೆ ವಿರುದ್ಧವಾಗಿ ಬೌಲ್ಬಿ, ಹಸಿವಿನಷ್ಟೇ ಮೂಲಭೂತವಾದ ಇನ್ನೊಂದು ಅಗತ್ಯ ಮಗುವಿಗಿದೆ, ಅದು ರಕ್ಷಣೆ ನೀಡುವ ವ್ಯಕ್ತಿಯ ಸಾಮೀಪ್ಯ, ಹಿಂಸ್ರ ಪ್ರಾಣಿಗಳ ನಡುವೆ ಬದುಕಬೇಕಾಗಿದ್ದ ಪೂರ್ವಜರಿಂದ ಬಂದ ಜೈವಿಕ ಬಳುವಳಿ ಅದು ಎಂದು ವಾದಿಸಿದನು. ಹ್ಯಾರಿ ಹಾರ್ಲೋ 1958ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೋತಿಮರಿಗಳು ಹಾಲು ಕೊಡುವ ತಂತಿಯ ‘ತಾಯಿ’ಯನ್ನು ಬಿಟ್ಟು ಹಾಲಿಲ್ಲದ ಬಟ್ಟೆಯ ‘ತಾಯಿ’ಯನ್ನೇ ತಬ್ಬಿ ಕೂತದ್ದು ಈ ವಾದಕ್ಕೆ ಬಲ ತಂದಿತು. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ, ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವೊಂದು ದಿನದಿಂದ ದಿನಕ್ಕೆ ಹೇಗೆ ಕುಗ್ಗುತ್ತದೆಂಬುದನ್ನು ಚಲನಚಿತ್ರದಲ್ಲಿ ಸೆರೆಹಿಡಿದು ತೋರಿಸಿದನು. ಹೆತ್ತವರ ಭೇಟಿಯನ್ನು ಬಿಗಿಯಾಗಿ ನಿರ್ಬಂಧಿಸುತ್ತಿದ್ದ ಬ್ರಿಟನ್ನಿನ ಆಸ್ಪತ್ರೆಗಳ ನಿಯಮಗಳು ಮುಂದೆ ಸಡಿಲವಾಗಲು ಈ ಚಿತ್ರವೂ ಕಾರಣವಾಯಿತು.

ಬೌಲ್ಬಿಯದು ಸಿದ್ಧಾಂತವಾದರೆ ಅದನ್ನು ಅಳೆಯುವ ಬಗೆ ಕಂಡುಹಿಡಿದವಳು ಮೇರಿ ಏನ್ಸ್‌ವರ್ತ್ (1913–1999). ಆಕೆ 1954–55ರಲ್ಲಿ ಉಗಾಂಡದ ಕಂಪಾಲ ನಗರದ ಸುತ್ತಲಿನ ಹಳ್ಳಿಗಳಲ್ಲಿ ತಾಯಂದಿರನ್ನೂ ಶಿಶುಗಳನ್ನೂ ಗಮನಿಸಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಕುಟುಂಬಗಳನ್ನು ಆರಿಸಿಕೊಂಡು ಮಗುವಿನ ಮೊದಲ ವರ್ಷವಿಡೀ ಮೂರು ವಾರಕ್ಕೊಮ್ಮೆ ನಾಲ್ಕು ತಾಸಿನ ಮನೆಭೇಟಿಗಳನ್ನು ನಡೆಸಿದಳು. ಈ ಭೇಟಿಗಳ ಕೊನೆಯಲ್ಲಿ ಬಂದದ್ದು ‘ಅಪರಿಚಿತ ಸನ್ನಿವೇಶ’ವೆಂಬ ಪರೀಕ್ಷೆ. ಆಟಿಕೆಗಳಿರುವ ಹೊಸ ಕೋಣೆಗೆ ಒಂದು ವರ್ಷದ ಮಗುವನ್ನು ತಾಯಿ ಕರೆತರುತ್ತಾಳೆ. ಗುರುತಿಲ್ಲದ ಹೆಂಗಸೊಬ್ಬಳು ಒಳಬರುತ್ತಾಳೆ. ತಾಯಿ ಎದ್ದು ಹೋಗುತ್ತಾಳೆ, ತಿರುಗಿ ಬರುತ್ತಾಳೆ. ಇನ್ನೊಮ್ಮೆ ಹೋಗುವಾಗ ಮಗುವನ್ನು ಒಂಟಿಯಾಗಿಯೇ ಬಿಟ್ಟು, ಕೆಲವೇ ನಿಮಿಷಗಳಲ್ಲಿ ಮರಳುತ್ತಾಳೆ. ಎಂಟು ಹಂತಗಳ ಈ ಪರೀಕ್ಷೆ ಮುಗಿಯಲು ಇಪ್ಪತ್ತು ನಿಮಿಷ ಸಾಕು, ಮತ್ತು ಅದರಲ್ಲಿ ಮುಖ್ಯವಾದದ್ದು ತಾಯಿ ಹೋದಾಗಿನ ಅಳುವಲ್ಲ, ಮರಳಿದಾಗ ಮಗು ನಡೆದುಕೊಳ್ಳುವ ರೀತಿ.

ಹೆಚ್ಚಿನ ಮಕ್ಕಳು ತಾಯಿ ಬಂದೊಡನೆ ಅವಳತ್ತ ಧಾವಿಸಿ, ಎತ್ತಿಕೊಂಡ ಮೇಲೆ ಅಳು ನಿಲ್ಲಿಸಿ, ಸ್ವಲ್ಪ ಹೊತ್ತಿನಲ್ಲೇ ಆಟಿಕೆಗಳ ಕಡೆ ಜಾರುತ್ತವೆ. ಇದು ಸುಭದ್ರ ಬಾಂಧವ್ಯ. ಕೆಲವು ಮಕ್ಕಳು ತಾಯಿ ಬಂದದ್ದನ್ನು ಕಾಣದಂತೆ ಮುಖ ತಿರುಗಿಸಿ ಆಟದಲ್ಲೇ ತೊಡಗಿರುತ್ತವೆ. ಇದನ್ನು ವಿಮುಖ ಬಾಂಧವ್ಯವೆನ್ನುತ್ತಾರೆ. ಇನ್ನು ಕೆಲವು ಎತ್ತಿಕೋ ಎಂದು ಕೈಚಾಚಿ, ಎತ್ತಿಕೊಂಡರೆ ಒದೆಯುತ್ತ, ಇಳಿಸಿದರೆ ಮತ್ತೆ ಅಳುತ್ತ ಎಷ್ಟು ಹೊತ್ತಾದರೂ ಶಾಂತವಾಗುವುದಿಲ್ಲ. ಅದು ದ್ವಂದ್ವ ಬಾಂಧವ್ಯ. ತಾನು ಆಸರೆ ಬೇಡಬೇಕಾದ ವ್ಯಕ್ತಿಯೇ ಭಯದ ಮೂಲವೂ ಆಗಿದ್ದಾಗ, ಉದಾಹರಣೆಗೆ ಹೊಡೆತ ಬಡಿತಗಳಿರುವ ಮನೆಗಳಲ್ಲಿ, ಕಾಣುವ ಗೊಂದಲದ ನಡವಳಿಕೆಗೆ ‘ಅಸ್ತವ್ಯಸ್ತ’ ಎಂಬ ನಾಲ್ಕನೆಯ ವರ್ಗವನ್ನು ಮೇರಿ ಮೇನ್ ಮತ್ತು ಜೂಡಿತ್ ಸಾಲೊಮನ್ 1980ರ ದಶಕದಲ್ಲಿ ಸೇರಿಸಿದರು. ಇವುಗಳಲ್ಲಿ ನೋಡುಗರನ್ನು ಹೆಚ್ಚು ಮೋಸಗೊಳಿಸುವುದು ವಿಮುಖ ಬಾಂಧವ್ಯ. ಅಂಥ ಮಗುವನ್ನು ನೆಂಟರು ‘ಎಷ್ಟು ಜಾಣ ಕೂಸು, ರಗಳೆಯೇ ಇಲ್ಲ’ ಎಂದು ಹೊಗಳುವುದುಂಟು. ಆದರೆ ಹೃದಯ ಬಡಿತವನ್ನೂ ಒತ್ತಡದ ಹಾರ್ಮೋನಾದ ಕಾರ್ಟಿಸಾಲನ್ನೂ ಅಳೆದು ನೋಡಿದ ಸಂಶೋಧಕರಿಗೆ ಹೊರಗಿನ ಆ ಶಾಂತಿಯ ಒಳಗೆ ಅಳುವ ಮಗುವಿನಲ್ಲಿರುವಂಥದೇ ಕಳವಳ ಕಂಡುಬಂದಿತು. ದುಃಖ ತೋರಿಸಿದರೆ ಪ್ರಯೋಜನವಿಲ್ಲವೆಂದು ಒಂದು ವರ್ಷದಲ್ಲೇ ಕಲಿತುಬಿಟ್ಟ ಮಗು ಅದು.

ಏನ್ಸ್‌ವರ್ತ್‌ಗೆ ಈ ವ್ಯತ್ಯಾಸಗಳ ಮೂಲ ಸಿಕ್ಕಿದ್ದು ಪರೀಕ್ಷೆಯ ಕೋಣೆಯಲ್ಲಲ್ಲ, ಮನೆಭೇಟಿಯ ಟಿಪ್ಪಣಿಗಳಲ್ಲಿ. ಮಗುವಿನ ಸೂಚನೆಯನ್ನು ಗಮನಿಸುವುದು, ಅದರ ಅರ್ಥವನ್ನು ಸರಿಯಾಗಿ ಗ್ರಹಿಸುವುದು, ತಡಮಾಡದೆ, ತಕ್ಕ ರೀತಿಯಲ್ಲಿ ಪ್ರತಿಕ್ರಿಯಿಸುವುದು, ಈ ನಾಲ್ಕೂ ಸೇರಿದ ಗುಣವನ್ನು ಆಕೆ ಸ್ಪಂದನಶೀಲತೆ ಎಂದು ಗುರುತಿಸಿದಳು. ಹಸಿವಿನಿಂದ ಅಳುವ ಮಗುವಿಗೆ ಗಿಲಕಿ ಆಡಿಸುವ ತಾಯಿಯೂ ಪ್ರತಿಕ್ರಿಯಿಸುತ್ತಾಳೆ, ಆದರೆ ಸ್ಪಂದಿಸುವುದಿಲ್ಲ. ಹೊಟ್ಟೆ ತುಂಬಿ ಮುಖ ತಿರುಗಿಸಿದ ಮಗುವಿನ ಬಾಯಿಗೆ ಮತ್ತೊಂದು ತುತ್ತು ರಾಗಿ ಸರಿ ತುರುಕುವ ಪ್ರೀತಿಯ ಬಗೆಗೂ ಇದೇ ಮಾತನ್ನು ಹೇಳಬೇಕಾಗುತ್ತದೆ. ಅತ್ತಾಗಲೆಲ್ಲ ಎತ್ತಿಕೊಂಡರೆ ಮಗುವಿಗೆ ಅದೇ ಚಟವಾಗುತ್ತದೆಂಬ ಎಚ್ಚರಿಕೆಯನ್ನು ಬಾಲ್ಟಿಮೋರ್‌ನ ತಾಯಂದಿರೂ ಕೇಳಿದ್ದರು. ಅಲ್ಲಿನ ಟಿಪ್ಪಣಿಗಳ ಪ್ರಕಾರ, ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದವು. ಈ ಫಲಿತಾಂಶದ ಬಗ್ಗೆ ಆಮೇಲೆ ತಕರಾರುಗಳೆದ್ದವಾದರೂ, ಎತ್ತಿಕೊಳ್ಳುವುದರಿಂದ ಮಗು ಕೆಡುತ್ತದೆಂಬ ಹಳೆಯ ನಂಬಿಕೆಗೆ ಆಧಾರವೇನೂ ಸಿಗಲಿಲ್ಲ.

ಈ ಸಿದ್ಧಾಂತವು ಆರಂಭದಲ್ಲೇ ಒಂದು ಅನ್ಯಾಯಕ್ಕೂ ದಾರಿ ಮಾಡಿತ್ತು. ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯು ತಾಯಿಯ ನಿರಂತರ ಸಾಮೀಪ್ಯಕ್ಕೆ ಕೊಟ್ಟ ಒತ್ತಿನಿಂದಾಗಿ, ದುಡಿಯಲು ಹೊರಟ ಹೆಣ್ಣಿನ ಮೇಲೆ ಅಪರಾಧಿ ಭಾವ ಹೊರಿಸುವವರಿಗೆ ವಿಜ್ಞಾನದ ಬೆಂಬಲ ದೊರೆತಂತಾಯಿತು. ಆ ವರದಿಯಲ್ಲಿ ತಂದೆಗೆ ಇದ್ದ ಪಾತ್ರ ಹಣಕಾಸಿನ ಆಧಾರ ಮತ್ತು ತಾಯಿಯ ಮನಸ್ಸಿಗೆ ಬಲ ಕೊಡುವುದು ಇಷ್ಟೇ. ಆದರೆ ಅಂಕಿ ಅಂಶಗಳು ತಾಯಿಯ ಹೊಣೆಯನ್ನು ಅಷ್ಟು ದೊಡ್ಡದಾಗಿ ತೋರಿಸುವುದಿಲ್ಲ. ಹಾಲೆಂಡಿನ ಸಂಶೋಧಕರು 1997ರಲ್ಲಿ 66 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಾಯಿಯ ಸ್ಪಂದನಶೀಲತೆಗೂ ಬಾಂಧವ್ಯದ ಭದ್ರತೆಗೂ ಇರುವ ಸಹಸಂಬಂಧ 0.24 ಎಂದು ಕಂಡುಬಂದಿತು. ಸಹಸಂಬಂಧವೆಂದರೆ ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆಂಬುದರ ಅಳತೆ. ಸೊನ್ನೆಯಾದರೆ ನಂಟೇ ಇಲ್ಲ, ಒಂದಾದರೆ ಪೂರ್ಣ ನಂಟು. 0.24 ಎಂಬುದು ನಿಜವಾದ, ಆದರೆ ಮಿತವಾದ ಪ್ರಭಾವ. ಮಗುವಿನ ಹುಟ್ಟು ಸ್ವಭಾವ, ಬಡತನ, ಗಂಡ ಹೆಂಡಿರ ಜಗಳ, ಹೆರಿಗೆಯ ನಂತರದ ಖಿನ್ನತೆ, ಮನೆಯಲ್ಲಿ ಕೈಯಾಸರೆಗೆ ಇರುವ ಜನ ಇವೆಲ್ಲ ಉಳಿದ ಪಾಲನ್ನು ಹಂಚಿಕೊಳ್ಳುತ್ತವೆ. ಇನ್ನು ಎಡ್ವರ್ಡ್ ಟ್ರಾನಿಕ್‌ನ ಅಧ್ಯಯನಗಳು, ಚೆನ್ನಾಗಿ ಹೊಂದಿಕೊಂಡಿರುವ ತಾಯಿ ಮಗುವಿನ ಆಟದಲ್ಲೂ ಇಬ್ಬರ ಭಾವ ಒಂದಾಗಿರುವುದು ಹೆಚ್ಚೆಂದರೆ ಮೂರನೆಯ ಒಂದು ಪಾಲು ಸಮಯ ಮಾತ್ರ, ಉಳಿದದ್ದು ತಪ್ಪುವುದು ಮತ್ತು ತಿದ್ದಿಕೊಳ್ಳುವುದು ಎಂದು ತೋರಿಸಿದವು. ಮಗುವಿಗೆ ನಂಬಿಕೆ ಹುಟ್ಟುವುದು ಆ ತಿದ್ದಿಕೊಳ್ಳುವಿಕೆಯಲ್ಲೇ ಎಂಬುದು ಆತನ ವಾದ.

ತಂದೆಯ ವಿಷಯವನ್ನು ಎತ್ತಿದ ಮೊದಲ ದೊಡ್ಡ ಸಾಕ್ಷ್ಯ ಬಂದದ್ದು 1964ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಅಲ್ಲಿನ ಕಾರ್ಮಿಕ ಕುಟುಂಬಗಳ 60 ಶಿಶುಗಳನ್ನು ಹಿಂಬಾಲಿಸಿದಾಗ, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದವು ಮತ್ತು ಮುಕ್ಕಾಲು ಪಾಲು ಮಕ್ಕಳಿಗೆ ಆ ಪಟ್ಟಿಯಲ್ಲಿ ತಂದೆಯೂ ಇದ್ದನು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ನೂರಕ್ಕೆ 39 ಮಕ್ಕಳಲ್ಲಿ, ಉಣಿಸಿ, ಸ್ನಾನ ಮಾಡಿಸಿ, ಬಟ್ಟೆ ಬದಲಿಸುತ್ತಿದ್ದ ವ್ಯಕ್ತಿ ಮಗುವಿನ ಅತ್ಯಂತ ಆಪ್ತ ವ್ಯಕ್ತಿಯಾಗಿರಲಿಲ್ಲ. ದಿನಕ್ಕೆಷ್ಟು ತಾಸು ಎಂಬುದಕ್ಕಿಂತ ಇದ್ದ ಹೊತ್ತಿನಲ್ಲಿ ಎಷ್ಟು ಓಗೊಟ್ಟರು ಎಂಬುದು ಮಕ್ಕಳ ಲೆಕ್ಕವಾಗಿತ್ತು. ಇದಾದ ಮೇಲೆ 1981ರಲ್ಲಿ ಮೇರಿ ಮೇನ್ ಮತ್ತು ಡೊನಾ ವೆಸ್ಟನ್, ಒಂದೇ ಮಗುವನ್ನು ಅಪರಿಚಿತ ಸನ್ನಿವೇಶದಲ್ಲಿ ತಾಯಿಯೊಡನೆ ಒಮ್ಮೆ, ತಿಂಗಳುಗಳ ಅಂತರದಲ್ಲಿ ತಂದೆಯೊಡನೆ ಒಮ್ಮೆ ಪರೀಕ್ಷಿಸಿ, ಎರಡು ಫಲಿತಾಂಶಗಳಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಊಹಿಸಲಾಗದೆಂದು ತೋರಿಸಿದರು. ಅದೇ ಅಧ್ಯಯನದಲ್ಲಿ ವಿದೂಷಕನ ವೇಷದ ಅಪರಿಚಿತನೊಬ್ಬ ಮಕ್ಕಳ ಸ್ನೇಹ ಸಂಪಾದಿಸಲು ಯತ್ನಿಸುವ ಭಾಗವೂ ಇತ್ತು. ಇಬ್ಬರೊಡನೆಯೂ ಸುಭದ್ರವಾಗಿದ್ದ ಮಕ್ಕಳು ಅವನೊಡನೆ ಎಲ್ಲರಿಗಿಂತ ಚೆನ್ನಾಗಿ ಬೆರೆತವು, ಇಬ್ಬರೊಡನೆಯೂ ಭದ್ರತೆ ಕಾಣದ ಮಕ್ಕಳು ಎಲ್ಲರಿಗಿಂತ ಹಿಂದೆ ಸರಿದವು. ಆಮೇಲಿನ ಕೆಲವು ವಿಶ್ಲೇಷಣೆಗಳು ಎರಡು ಬಾಂಧವ್ಯಗಳ ನಡುವೆ ಅಲ್ಪಸ್ವಲ್ಪ ಹೋಲಿಕೆ ಇದೆಯೆಂದು ಕಂಡುಕೊಂಡಿವೆಯಾದರೂ, ಮಗುವಿನ ಸ್ವಭಾವವೇ ಎಲ್ಲವೂ ಆಗಿದ್ದರೆ ಇರಬೇಕಾಗಿದ್ದ ಹೋಲಿಕೆಗೆ ಅದು ಬಹಳ ಕಡಿಮೆ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ತಾಯಂದಿರಲ್ಲಿ 0.24 ಇದ್ದ ಸಹಸಂಬಂಧ, ತಂದೆಯರ ಅಧ್ಯಯನಗಳನ್ನು 2011ರಲ್ಲಿ ಒಟ್ಟುಗೂಡಿಸಿದಾಗ 0.12ಕ್ಕೆ, ಅಂದರೆ ಅರ್ಧಕ್ಕೆ ಇಳಿದಿತ್ತು. ತಂದೆಯ ಸ್ಪಂದನೆಗೆ ಬೆಲೆ ಕಡಿಮೆ ಎಂದು ಇದನ್ನು ಓದಬಹುದು; ತಂದೆಗೆ ಹಿಡಿದ ಅಳತೆಗೋಲೇ ತಾಯಿಗೆಂದು ಮಾಡಿದ್ದು ಎಂದೂ ಓದಬಹುದು. ಎರಡನೆಯ ಓದಿಗೆ ಒಳ್ಳೆಯ ಆಧಾರ ಒದಗಿಸಿದವರು ಜರ್ಮನಿಯ ಕಾರಿನ್ ಮತ್ತು ಕ್ಲಾಸ್ ಗ್ರಾಸ್‌ಮನ್ ದಂಪತಿ. ಬೀಲೆಫೆಲ್ಡ್ ನಗರದಲ್ಲಿ 1970ರ ದಶಕದಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಇವರು, 44 ಕುಟುಂಬಗಳ ಹದಿನಾರು ವರ್ಷಗಳ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಮಗುವಿಗೆ ಎರಡು ವರ್ಷವಾದಾಗ ತಂದೆಯ ಮುಂದೆ ಆಟದ ಜೇಡಿಯನ್ನಿಟ್ಟು, ಇಬ್ಬರೂ ಆಡುವುದನ್ನು ಇವರು ಚಿತ್ರೀಕರಿಸಿದ್ದರು. ಆ ಹೊಸ ವಸ್ತುವನ್ನು ಮಗು ಮೊದಲು ಒಂದು ಬೆರಳಿನಿಂದ ಮುಟ್ಟುತ್ತದೆ, ಹಿಂಜರಿಯುತ್ತದೆ. ಒಬ್ಬ ತಂದೆ ತಾನೇ ಚೆಂದದ ಬೊಂಬೆ ಮಾಡಿ ತೋರಿಸಿ ಮಗುವನ್ನು ಪ್ರೇಕ್ಷಕನಾಗಿಸುತ್ತಾನೆ; ಮತ್ತೊಬ್ಬ ‘ಹಾಗಲ್ಲ, ಹೀಗೆ’ ಎಂದು ಮಗುವಿನ ಕೈಹಿಡಿದು ಒತ್ತಿಸುತ್ತಾನೆ; ಇನ್ನೊಬ್ಬ ಮಗುವಿನ ಬೆರಳು ಎಲ್ಲಿದೆಯೋ ಅಲ್ಲಿಂದ ಒಂದೇ ಒಂದು ಹೆಜ್ಜೆ ಮುಂದಿನದನ್ನು ಸೂಚಿಸಿ, ಅದು ಮಾಡುವವರೆಗೆ ಕಾಯುತ್ತಾನೆ. ಸಂಶೋಧಕರು ಹೆಚ್ಚು ಅಂಕ ಕೊಟ್ಟದ್ದು ಈ ಕೊನೆಯ ಬಗೆಗೆ, ಮಗುವಿನ ಮನಸ್ಸನ್ನರಿತು ಸವಾಲೊಡ್ಡುವ ಆಟಕ್ಕೆ.

ಹತ್ತನೆಯ ವಯಸ್ಸಿನಲ್ಲಿ ಆ ಮಕ್ಕಳು ದುಃಖ ಬಂದಾಗ ಯಾರ ಬಳಿ ಹೋಗುತ್ತೇವೆ, ಹೋದರೆ ಏನಾಗುತ್ತದೆ ಎಂಬುದನ್ನು ಕುರಿತು ಮಾತನಾಡಿದ ರೀತಿಗೆ ಎರಡು ಸಂಗತಿಗಳು ಮುನ್ಸೂಚನೆಯಾಗಿದ್ದವು: ತಾಯಿಯೊಡನೆ ಶೈಶವದಲ್ಲಿದ್ದ ಬಾಂಧವ್ಯ ಮತ್ತು ತಂದೆಯೊಡನೆ ಆಡಿದ ಆ ಆಟ. ಹದಿನಾರನೆಯ ವಯಸ್ಸಿಗೆ ಬರುವಾಗ ಇವೆರಡರಲ್ಲಿ ತಂದೆಯ ಆಟದ ಗುಣಮಟ್ಟವಷ್ಟೇ ಮುನ್ಸೂಚನೆಯಾಗಿ ಉಳಿದಿತ್ತು. ತಂದೆಯೊಡನೆ ಅಪರಿಚಿತ ಸನ್ನಿವೇಶದಲ್ಲಿ ಪಡೆದ ಫಲಿತಾಂಶಕ್ಕೆ ಈ ಶಕ್ತಿ ಇರಲಿಲ್ಲ. ಮಗುವಿನ ಮೊದಲ ವರ್ಷದಲ್ಲಿ ಅದರ ಆರೈಕೆಯನ್ನು ಚೆನ್ನಾಗಿ ಮಾಡಿದ್ದ ತಂದೆಯರೇ ಎರಡನೆಯ ವರ್ಷದಲ್ಲಿ ಹೀಗೆ ಆಡಬಲ್ಲವರಾಗಿದ್ದರು ಎಂಬುದನ್ನೂ ಇದರ ಜೊತೆಗೆ ಓದಿಕೊಳ್ಳಬೇಕು. ಇಲ್ಲವಾದರೆ ‘ಆರೈಕೆ ತಾಯಿಗೆ, ಆಟ ತಂದೆಗೆ’ ಎಂಬ, ಗಂಡಸರಿಗೆ ಬಹಳ ಅನುಕೂಲವಾದ ತೀರ್ಮಾನ ಹೊರಡುತ್ತದೆ. ನಲವತ್ತನಾಲ್ಕು ಕುಟುಂಬಗಳು ದೊಡ್ಡ ಸಂಖ್ಯೆಯಲ್ಲ, ಮತ್ತು ಅಂದಿನ ಪಶ್ಚಿಮ ಜರ್ಮನಿಯ ಮನೆಗಳಲ್ಲಿ ತಾಯಿ ತಂದೆಯರ ಕೆಲಸಗಳು ಇಂದಿಗಿಂತ ಹೆಚ್ಚು ಬೇರೆಬೇರೆಯಾಗಿದ್ದವು. ಕೆನಡಾದ ಡೇನಿಯಲ್ ಪಾಕೆಟ್ ಮುಂದೆ ಇದೇ ಎಳೆಯನ್ನು ಹಿಡಿದು, ಮಗುವನ್ನು ಅಪಾಯದ ಅಂಚಿನವರೆಗೆ ಹುರಿದುಂಬಿಸಿ ಎಲ್ಲೆಯನ್ನೂ ತೋರಿಸುವ ಸಂಬಂಧವನ್ನು ಬಾಂಧವ್ಯದ ಇನ್ನೊಂದು ಮುಖವೆಂದು ವಿವರಿಸಿದ್ದಾನೆ. ಮಗುವನ್ನು ಮೇಲಕ್ಕೆಸೆದು ಹಿಡಿಯುವ ತಂದೆಯರಿಗೂ, ಅದನ್ನು ಕಂಡು ಕೂಗಿಕೊಳ್ಳುವ ತಾಯಂದಿರಿಗೂ ಇದರಲ್ಲಿ ತಮ್ಮ ಮನೆಯೇ ಕಾಣಬಹುದು.

ಮಗುವಿಗೆ ಸ್ಪಂದಿಸುವ ಸಾಮರ್ಥ್ಯ ಹೆಣ್ಣಿಗೆ ಹುಟ್ಟಿನಿಂದ ಬರುತ್ತದೆ, ಗಂಡಿಗೆ ಬಾರದು ಎಂಬ ನಂಬಿಕೆಗೂ ಜೀವವಿಜ್ಞಾನ ಪೂರ್ತಿ ಬೆಂಬಲ ಕೊಡುವುದಿಲ್ಲ. ಫಿಲಿಪೈನ್ಸ್‌ನ ಸೆಬು ಪ್ರದೇಶದ 624 ಯುವಕರನ್ನು ಕೆಲವು ವರ್ಷ ಹಿಂಬಾಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯಾದವರ ಟೆಸ್ಟೋಸ್ಟಿರಾನ್ ಹಾರ್ಮೋನು ಗಣನೀಯವಾಗಿ ಇಳಿದಿತ್ತು, ದಿನಕ್ಕೆ ಮೂರು ತಾಸು ಅಥವಾ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅದು ಇನ್ನೂ ಕಡಿಮೆಯಿತ್ತು. ಇಸ್ರೇಲಿನ ರುತ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2014ರಲ್ಲಿ, ತಾಯಿಯಿಲ್ಲದ ಮನೆಗಳಲ್ಲಿ ಮಗುವಿನ ಪೂರ್ಣ ಹೊಣೆ ಹೊತ್ತ ಗಂಡಸರ ಮಿದುಳಿನಲ್ಲಿ, ಅಪಾಯದ ಬಗ್ಗೆ ಎಚ್ಚರವಾಗಿರುವ ಅಮಿಗ್ಡಲ ಎಂಬ ಭಾಗವು ತಾಯಂದಿರಲ್ಲಿ ಇರುವಷ್ಟೇ ಚುರುಕಾಗಿರುವುದನ್ನು ತೋರಿಸಿದರು. ಬಸಿರು, ಹೆರಿಗೆ, ಮೊಲೆಯೂಡಿಕೆಗಳು ತಾಯಿಗೆ ಕೊಡುವ ಮುಂಚಿನ ಸಿದ್ಧತೆ ತಂದೆಗಿಲ್ಲ. ಅವನ ದೇಹ ಸಿದ್ಧವಾಗುವುದು ಮಗುವನ್ನು ಎತ್ತಿ ಆಡಿಸಿದ ಮೇಲೆ, ಎತ್ತಿ ಆಡಿಸಿದಷ್ಟು.

ಕರ್ನಾಟಕದ ಬಾಣಂತನದ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಪಯುಕ್ತ. ಚೊಚ್ಚಲ ಹೆರಿಗೆಗೆ ತವರಿಗೆ ಹೋದ ಹೆಣ್ಣು ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸಿನೊಡನೆ ಗಂಡನ ಮನೆಗೆ ಮರಳುವುದು ಇಂದಿಗೂ ಅನೇಕ ಕುಟುಂಬಗಳಲ್ಲಿ ಉಳಿದಿದೆ. ಎಣ್ಣೆ ಹಚ್ಚಿ, ಚಾಚಿದ ಕಾಲುಗಳ ಮೇಲೆ ಮಲಗಿಸಿ ಎರೆಯುವ ಅಜ್ಜಿಯ ಅನುಭವ, ಬಾಣಂತಿಗೆ ಸಿಗುವ ವಿಶ್ರಾಂತಿ, ಸುತ್ತಲಿನ ಹೆಂಗಸರ ಆಸರೆ ಇವೆಲ್ಲ ತಾಯಿಯ ಸ್ಪಂದನಶೀಲತೆಗೆ ನೀರೆರೆಯುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತಂದೆಯ ಪಾಲಿಗೆ ಅವು ವಾರಾಂತ್ಯದ ಭೇಟಿಯ, ತೊಟ್ಟಿಲು ಶಾಸ್ತ್ರದ ಫೋಟೋದ ತಿಂಗಳುಗಳು. ನಿರ್ದಿಷ್ಟ ವ್ಯಕ್ತಿಯೊಡನೆ ಬಾಂಧವ್ಯ ಗಟ್ಟಿಯಾಗುವುದು ಆರೇಳು ತಿಂಗಳ ನಂತರವಾದ್ದರಿಂದ ಈ ಅಗಲಿಕೆಯಿಂದ ಮಗುವಿಗೆ ಆಗುವ ನಷ್ಟ ದೊಡ್ಡದಲ್ಲ. ನಷ್ಟವಾಗುವುದು ತಂದೆಯ ಕೈಗಳಿಗೆ: ಆ ಹೊತ್ತಿಗೆ ತಾಯಿಯ ಕೈ ಪಳಗಿರುತ್ತದೆ, ಅವನದು ಪಳಗಿರುವುದಿಲ್ಲ, ಮಗು ಅತ್ತೊಡನೆ ತಾಯಿಗೆ ದಾಟಿಸುವ ರೂಢಿ ಮೊದಲ ವಾರದಲ್ಲೇ ಬೇರೂರಿಬಿಡುತ್ತದೆ.

ಅಪರಿಚಿತ ಸನ್ನಿವೇಶವೆಂಬ ಅಳತೆ ಎಲ್ಲ ಸಮಾಜಗಳಿಗೂ ಒಗ್ಗುತ್ತದೆಯೇ ಎಂಬ ಪ್ರಶ್ನೆಯೂ ಉಳಿದಿದೆ. ಎಂಟು ದೇಶಗಳ 32 ಅಧ್ಯಯನಗಳನ್ನು 1988ರಲ್ಲಿ ಒಟ್ಟಿಗೆ ನೋಡಿದಾಗ ನೂರಕ್ಕೆ 65 ಮಕ್ಕಳು ಸುಭದ್ರ ವರ್ಗಕ್ಕೆ ಬಂದಿದ್ದವು, ಮತ್ತು ದೇಶ ದೇಶಗಳ ನಡುವೆ ಇದ್ದುದಕ್ಕಿಂತ ಹೆಚ್ಚಿನ ವ್ಯತ್ಯಾಸ ಒಂದೊಂದು ದೇಶದ ಒಳಗೇ ಇತ್ತು. ಆದರೂ ತಾಯಿಯ ಬೆನ್ನು ಬಿಡದೆ ಬೆಳೆಯುವ ಜಪಾನಿನ ಸಪ್ಪೊರೊ ನಗರದ ಮಕ್ಕಳು ಒಂಟಿಯಾಗಿ ಬಿಟ್ಟೊಡನೆ ತಡೆಯಲಾರದೆ ಅತ್ತು ‘ದ್ವಂದ್ವ’ದ ಪಟ್ಟಿಗೆ ಹೆಚ್ಚಾಗಿ ಸೇರಿದ್ದವು, ಅವಕ್ಕೆ ಆ ಕೋಣೆ ಸಣ್ಣ ಪರೀಕ್ಷೆಯಾಗಿರದೆ ಆಘಾತವೇ ಆಗಿತ್ತು. ಅಜ್ಜಿ, ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯ ಅಕ್ಕ ಎಲ್ಲರ ಸೊಂಟದ ಮೇಲೂ ಬೆಳೆಯುವ ಮಗುವಿನ ಬಾಂಧವ್ಯವನ್ನು ತಾಯಿಯೊಬ್ಬಳ ನಿರ್ಗಮನದಿಂದ ಅಳೆಯುವುದು ಎಷ್ಟು ಸರಿ ಎಂದು ಆಫ್ರಿಕದ ಕ್ಯಾಮರೂನ್‌ನಲ್ಲಿ ಕೆಲಸ ಮಾಡಿದ ಹೈಡಿ ಕೆಲ್ಲರ್ ಮೊದಲಾದವರು ಕೇಳಿದ್ದಾರೆ. ಅವಿಭಕ್ತ ಕುಟುಂಬಗಳ ಊರುಗಳಲ್ಲೂ ಈ ಪ್ರಶ್ನೆಗೆ ಜಾಗವಿದೆ. ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನಲ್ಲಿ, ಅಜ್ಜಿ ತಾತ ವಿಡಿಯೊ ಕರೆಯಲ್ಲಷ್ಟೇ ಸಿಗುವ ಮಗುವಿಗೆ ಮಾತ್ರ ಉಳಿಯುವುದು ಎರಡೇ ನೆಲೆಗಳು, ಮತ್ತು ಅಲ್ಲಿ ತಂದೆ ಕಚೇರಿಯಿಂದ ಬರುವ ಹೊತ್ತಿಗೆ ಮಗು ಮಲಗಿರುತ್ತದೆ.

ಮಗುವಿನ ಬಾಂಧವ್ಯ ಬೆಳೆಯುವ ಕಾಲಮಾನವನ್ನು ಕಾನೂನು ಗಮನಿಸಿದಂತಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ತಾಯಿಯ ವೇತನಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮೊದಲೇ ಪಡೆಯಬಹುದಾದ್ದರಿಂದ, ಹಾಗೆ ಪಡೆದ ತಾಯಿ ನಾಲ್ಕು ತಿಂಗಳ ಕೂಸನ್ನು, ಪಡೆಯದವಳು ಆರು ತಿಂಗಳ ಕೂಸನ್ನು ಬಿಟ್ಟು ಕೆಲಸಕ್ಕೆ ಮರಳಬೇಕಾಗುತ್ತದೆ. ಆ ಕೂಸು ಗುರುತು ಹಿಡಿದು ಹಚ್ಚಿಕೊಳ್ಳಲು ತೊಡಗುವುದು ಸರಿಸುಮಾರು ಆಗಲೇ. ತಂದೆಗೆ ಕೇಂದ್ರ ಸರ್ಕಾರಿ ನೌಕರನಾಗಿದ್ದರೆ ಹದಿನೈದು ದಿನಗಳ ರಜೆಯುಂಟು. ಖಾಸಗಿ ಕಂಪನಿಯ ನೌಕರನಿಗೆ ಮಾಲೀಕರು ಕೊಟ್ಟಷ್ಟು, ಕೂಲಿಯವನಿಗೆ ಅದೂ ಇಲ್ಲ. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಅದೇ ತಿದ್ದುಪಡಿ ಹೇಳಿತು, ಗ್ರಾಮೀಣ ಉದ್ಯೋಗ ಖಾತರಿಯ (ನರೇಗಾ) ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆದಿದೆ. ಅಮೆರಿಕದಲ್ಲಿ 1991ರಿಂದ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿದ ಬೃಹತ್ ಅಧ್ಯಯನದ ಪ್ರಕಾರ, ಇಂಥ ಕೇಂದ್ರಕ್ಕೆ ಸೇರಿದ ಮಾತ್ರಕ್ಕೆ ತಾಯಿಯೊಡನೆ ಮಗುವಿನ ಬಾಂಧವ್ಯ ಕೆಡುವುದಿಲ್ಲ. ಮನೆಯಲ್ಲಿ ಸ್ಪಂದನೆ ಕಡಿಮೆಯಿದ್ದು, ಕೇಂದ್ರದ ಆರೈಕೆಯೂ ಕಳಪೆಯಾಗಿದ್ದರೆ ಅಥವಾ ನೋಡಿಕೊಳ್ಳುವವರು ಪದೇಪದೇ ಬದಲಾಗುತ್ತಿದ್ದರೆ ಮಾತ್ರ ಅಪಾಯ ಹೆಚ್ಚುತ್ತದೆ. ಹಾಗಾಗಿ ಕೂಸಿನ ಮನೆಯ ಕಟ್ಟಡ, ಆಟಿಕೆಗಳಷ್ಟೇ ಮುಖ್ಯವಾದ ಪ್ರಶ್ನೆ ಅಲ್ಲಿನ ಆರೈಕೆದಾರಳಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ, ಆಕೆ ಅದೇ ಮಕ್ಕಳೊಡನೆ ವರ್ಷವಾದರೂ ಉಳಿಯುತ್ತಾಳೆಯೇ ಎಂಬುದು.